ನಾಲ್ಕು ಸಾಲಿನ ಫೈಲು

ಓವೈಸ್ ಕೇಳಬಾರದಿತ್ತು. ಮುಗಿದ ಕೆಲಸವನ್ನು ಮುಗಿಯಿತು ಅಂತ ಬಿಟ್ಟು ತೆಪ್ಪಗೆ ಕೂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಕೆಲಸವಾದರೂ ಎಂಥದ್ದು ಅಂತೀರಿ? ಹಲಸೂರಿನ ಪೇಟೆ ಬೀದಿಯಲ್ಲಿ, ಪೈಪು ನಲ್ಲಿ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಆಫೀಸು. ಕ್ಲಿನಿಕ್ಕುಗಳಲ್ಲಿ ಟೋಕನ್ ನಂಬರ್ ಕೂಗುವ ಮೆಷಿನ್ ಇರುತ್ತದಲ್ಲ, ಅದಕ್ಕೆ ಪ್ರೋಗ್ರಾಂ ಬರೆಯುವುದು ಆ ಪುಟ್ಟ ಕಂಪನಿಯ ಕಸುಬು. ಸಿ.ವಿ. ರಾಮನ್ ನಗರದ ಒಂದು ಹಲ್ಲಿನ ಕ್ಲಿನಿಕ್ಕಿಗೆ ಮಾರನೇ ದಿನ ಮೆಷಿನ್ ಹೋಗಬೇಕಿತ್ತು. ದನಿ ಎಷ್ಟು ಜೋರಿರಬೇಕು, ಯಾವ ಭಾಷೆಯಲ್ಲಿ ಕೂಗಬೇಕು, ಡಾಕ್ಟರ ರೂಮು ಎಷ್ಟು, ಕೂಗುವ ಮುಂಚೆ ಗಂಟೆ ಬಾರಿಸಬೇಕೋ ಬೇಡವೋ, ಇಷ್ಟನ್ನು ಒಂದು ಸಣ್ಣ ಫೈಲಿನಲ್ಲಿ ಬರೆದಿಟ್ಟರೆ ಆಯಿತು. ಮೆಷಿನ್ ಆನ್ ಆದಾಗ ಪ್ರೋಗ್ರಾಂ ಅದನ್ನು ಓದಿಕೊಂಡು ಅದರಂತೆ ನಡೆದುಕೊಳ್ಳುತ್ತದೆ. ಓವೈಸ್ ಎಡಕ್ಕೆ ಹೆಸರು, ನಡುವೆ ಸಮ ಚಿಹ್ನೆ, ಬಲಕ್ಕೆ ಅದರ ಅಂಕಿಯೋ ಪದವೋ ಅಂತ ನಾಲ್ಕೇ ನಾಲ್ಕು ಸಾಲು ಬರೆದ. ಪ್ರೋಗ್ರಾಂ ಓದಿತು, ಕೂಗಿತು. ಅವನ ಟೀ ಇನ್ನೂ ಬಿಸಿಯಾಗಿತ್ತು.

ಅವತ್ತು ಬೇಗ ಮುಗಿಸಲೇಬೇಕಾದ ಕಾರಣವೂ ಇತ್ತು. ಸಂಜೆ ಐದಕ್ಕೆ ಬಾಣಸವಾಡಿಯಲ್ಲಿ ಆತಿಕಾ ಅನ್ನುವ ಹುಡುಗಿಯ ಮನೆಗೆ ಹೆಣ್ಣು ನೋಡಲು ಹೋಗಬೇಕಿತ್ತು. ಅಮ್ಮಿ ಜಹನಾರಾ ಮತ್ತು ತಂಗಿ ನಾಜಿಶ್ ಶಿವಾಜಿನಗರದ ಮನೆಯಿಂದ ಬರುವವರು, ಇವನು ಆಫೀಸಿನಿಂದ ನೇರ. ಮೊದಲೇ ಎರಡು ಸಂಬಂಧ ಮುರಿದು ಬಿದ್ದಿದ್ದವು. ಅವಕ್ಕೇನೂ ಅವನು ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಆತಿಕಾಳ ವಿಷಯ ಬೇರೆ. ಫ್ರೇಜರ್ ಟೌನಿನ ಒಂದು ಮದುವೆಯ ವಲೀಮಾ ಊಟದಲ್ಲಿ ಐಸ್‌ಕ್ರೀಮ್ ಡಬ್ಬ ಎಲ್ಲಿಡಬೇಕು ಅಂತ ಹಿರಿಯರೆಲ್ಲ ನಿಂತು ಚರ್ಚೆ ಮಾಡುತ್ತಿದ್ದಾಗ, ಕರಗುತ್ತಿದ್ದ ಆ ಡಬ್ಬವನ್ನು ಎತ್ತಿಕೊಂಡು ಹೋಗಿ ಮಕ್ಕಳಿಗೆ ಹಂಚಿಬಿಟ್ಟವಳು ಅವಳು. ಅವತ್ತಿನಿಂದ ಓವೈಸನ ತಲೆಯಲ್ಲಿ ಬೇರೆ ಹೆಣ್ಣಿಗೆ ಜಾಗವಿರಲಿಲ್ಲ. ಮೊನ್ನೆ ಮನೆಯವರ ಒಪ್ಪಿಗೆಯಿಂದಲೇ ಒಂದು ಸಲ ಫೋನಿನಲ್ಲಿ ಮಾತಾಡಿದ್ದರು. ಲೇಟ್ ಮಾತ್ರ ಮಾಡಬೇಡಿ, ನಮ್ಮ ಬಡೇ ಅಬ್ಬಾಗೆ ಆಗಲ್ಲ ಅಂತ ಅವಳು ಎಚ್ಚರಿಸಿದ್ದಳು. ಬಡೇ ಅಬ್ಬಾ ಅಂದರೆ ಅವಳ ದೊಡ್ಡಪ್ಪ ಅಸ್ಗರ್ ಸಾಹೇಬರು, ಆ ಕೂಡುಕುಟುಂಬದ ಯಜಮಾನರು.

ನಾಲ್ಕಕ್ಕೆ ಹೊರಟರೆ ಸಾಕಿತ್ತು, ಇಡೀ ದಿನ ಕೈಯಲ್ಲಿತ್ತು. ಆದರೆ ನಮ್ಮ ಓವೈಸ್ ಒಳ್ಳೇ ಹುಡುಗ ನೋಡಿ, ಒಬ್ಬರನ್ನೂ ಕೇಳದೆ ಮಾಡಿದ ಕೆಲಸ ಅವನಿಗೆ ಅಜೀರ್ಣ. ಆಫೀಸ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದ: ಸೆಟ್ಟಿಂಗ್ಸ್ ಫೈಲು ಸಾದಾ ಸಾಲಿನಲ್ಲಿ ಬರೆದಿದ್ದೀನಿ, ಈ ಫಾರ್ಮ್ಯಾಟ್ ಓಕೆನಾ?

ಓಕೆನಾ ಅಂತ ಕೇಳಿದವನಿಗೆ ಓಕೆ ಅಂದು ಸುಮ್ಮನಾಗುವವರು ಈ ಊರಲ್ಲಿ ಯಾರಿದ್ದಾರೆ?

ಮೊದಲು ಎದ್ದು ಬಂದವಳು ಶಾಂಭವಿ. ಆಫೀಸಿನಲ್ಲಿ ಎಲ್ಲರಿಗಿಂತ ಹಳಬಳು, ಕೋಡು ನೋಡುವ ಮುಂಚೆ ನಿಟ್ಟುಸಿರು ಬಿಡುವ ಅಭ್ಯಾಸ. ನಿಟ್ಟುಸಿರು ಬಿಟ್ಟಳು, ಸ್ಕ್ರೀನಿಗೆ ಬಗ್ಗಿದಳು.

"ಏನ್ರೀ ಓವೈಸ್, ನಮ್ಮಜ್ಜಿ ಸಾಮಾನು ಚೀಟಿ ಬರ್ದಂಗಿದೆ. ಈಗ ಯಾರ್ರೀ ಹೀಗೆ ಇಡ್ತಾರೆ? ಜೇಸನ್ ಮಾಡ್ಬಿಡಿ. ಪ್ರಪಂಚವೇ ಜೇಸನ್ ಮೇಲೆ ನಡೀತಿದೆ."

ಜೇಸನ್ ಅಂದರೆ ಪದಗಳಿಗೆಲ್ಲ ಉದ್ಧರಣ ಚಿಹ್ನೆ ಸಿಕ್ಕಿಸಿ, ಸಾಲಿಗೊಂದು ಕಾಮಾ ಹಾಕಿ, ಮೇಲೂ ಕೆಳಗೂ ಹೂವಿನ ಕಂಸ ಕಟ್ಟುವುದು. ಓವೈಸ್ ಕಟ್ಟಿದ. ನಾಲ್ಕು ಸಾಲು ಆರಾಯಿತು. ಶಾಂಭವಿ ತೃಪ್ತಿಯಿಂದ ತನ್ನ ಜಾಗಕ್ಕೆ ಹೋದಳು.

ಅವಳು ಕೂರುವುದಕ್ಕೂ ಬಸು ಕುರ್ಚಿ ಸಮೇತ ಉರುಳಿಕೊಂಡು ಬರುವುದಕ್ಕೂ ಸರಿಹೋಯಿತು. ರಾಯಚೂರು ಕಡೆಯವನು, ಕೆ.ಆರ್. ಪುರದಲ್ಲಿ ಬಾಡಿಗೆ ರೂಮು, ವರ್ಷದ ಹಿಂದೆ ಕೆಲಸಕ್ಕೆ ಸೇರಿದವನು. ಹೊಸದಾಗಿ ಕಲಿತದ್ದನ್ನೆಲ್ಲ ಅವತ್ತೇ ಊರಿಗೆ ಹಂಚಬೇಕು ಅನ್ನುವ ಉತ್ಸಾಹ.

"ಓವೈಸಣ್ಣ, ಇದ್ಯಾಕ್ರಿ ಇಷ್ಟು ಬೇಲಿ ಕಟ್ಟೀರಿ? ಕ್ಲಿನಿಕ್ಕಿನವ್ರು ಒಂದು ಕಾಮಾ ಮರತ್ರ ಮೆಷಿನ್ ಮುಗೀತು. ಇದು ಅದಕ್ಕ, ಅದು ಇದಕ್ಕ ಅಂತ ಟಿಪ್ಪಣಿ ಬರಿಯಾಕೂ ಇದ್ರಾಗ ಬರಂಗಿಲ್ಲ. ಯಾಮಲ್ ಮಾಡ್ರಿ. ಸ್ವಚ್ಛ ಇರ್ತದ."

ಮಾತು ಸುಳ್ಳಲ್ಲ. ದನಿಯ ಮಟ್ಟವನ್ನು ಕ್ಲಿನಿಕ್ಕಿನವರೇ ಆಗಾಗ ಬದಲಾಯಿಸಿಕೊಳ್ಳುವವರು, ಅವರಿಗೆ ಟಿಪ್ಪಣಿ ಬೇಕು. ಓವೈಸ್ ಬೇಲಿ ಕಿತ್ತು ಯಾಮಲ್ ಮಾಡಿದ, ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಇದರಲ್ಲಿ ಕಂಸವಿಲ್ಲ, ಕಾಮಾ ಇಲ್ಲ. ಸಾಲಿನ ಮುಂದೆ ಎಷ್ಟು ಜಾಗ ಖಾಲಿ ಬಿಟ್ಟಿದ್ದೀರಿ ಅನ್ನುವುದರ ಮೇಲೆ ಅರ್ಥ ನಿಂತಿರುತ್ತದೆ, ಅಷ್ಟೇ. ಎಷ್ಟು ಸುಲಭ ಅಂತ ಎಲ್ಲರಿಗೂ ತೋರಿಸುವ ಆಸೆ ಬಸುವಿಗೆ. ನಾನೇ ಕ್ಲಿನಿಕ್ಕಿನವ ಅಂತ ತಿಳ್ಕೋರಿ ಅಂದು ಕೀಬೋರ್ಡ್ ಎಳೆದುಕೊಂಡ, ದನಿಯ ಅಂಕಿ ತಿದ್ದಿದ, ಪ್ರೋಗ್ರಾಂ ಓಡಿಸಿದ. ತಿದ್ದುವಾಗ ಅವನ ಹೆಬ್ಬೆರಳು ಸ್ಪೇಸ್ ಬಾರಿನ ಮೇಲೆ ಒಂದು ಸಲ ಜಾಸ್ತಿ ಬಿದ್ದಿತ್ತು.

ಪ್ರೋಗ್ರಾಮಿಗೆ ಫೈಲು ಅರ್ಥವಾಗಲಿಲ್ಲ. ಅರ್ಥವಾಗದಿದ್ದರೆ ಕಂಪನಿಯಿಂದ ಬಂದ ಮೂಲ ಸೆಟ್ಟಿಂಗಿನಲ್ಲಿ ನಡೆ ಅಂತ ಅದಕ್ಕೆ ಅಪ್ಪಣೆಯಿತ್ತು. ಮೂಲ ಸೆಟ್ಟಿಂಗಿನಲ್ಲಿ ದನಿ ಪೂರ್ತಿ. ಪರೀಕ್ಷೆಗೆಂದು ತಂದ ಡಬ್ಬದಂಥ ಸ್ಪೀಕರ್ ಕಿಟಕಿಯಲ್ಲಿ ಬೀದಿಗೆ ಮುಖ ಮಾಡಿ ಕೂತಿತ್ತು. ಟೋಕನ್ ನಂಬರ್ ಒಂದು, ದಯವಿಟ್ಟು ರೂಮ್ ನಂಬರ್ ಒಂದಕ್ಕೆ ಬನ್ನಿ ಅಂತ ಆ ಮೆಷಿನ್ನಿನ ಹೆಣ್ಣುಮಗಳು ಕೂಗಿದ ಕೂಗಿಗೆ ಬೀದಿಯ ಬೈಕುಗಳು ಬ್ರೇಕ್ ಹಾಕಿದವು. ಯಾರೂ ಒಳಗೆ ಬಾರದಿದ್ದರೆ ಮತ್ತೆ ಮತ್ತೆ ಕೂಗಬೇಕು ಅಂತ ಪ್ರೋಗ್ರಾಂ ಬರೆದವನೂ ಓವೈಸನೇ. ಅವನು ಮೇಜಿನ ಕೆಳಗೆ ನುಗ್ಗಿ ಪ್ಲಗ್ ಹುಡುಕುವಷ್ಟರಲ್ಲಿ, ಕೆಳಗಿನ ಅಂಗಡಿಯಲ್ಲಿ ಬಿಲ್ಲಿಗೆ ಕಾಯುತ್ತಿದ್ದ ಒಬ್ಬರು ಮೆಟ್ಟಿಲು ಹತ್ತಿ ಬಂದು ನನ್ನನ್ನು ಕರೆದಿರಾ ಅಂತ ವಿಚಾರಿಸಿದರು. ಅವರ ಬೆನ್ನಿಗೆ ಅಂಗಡಿಯ ಅಹ್ಮದ್ ಪಾಷಾ ಸಾಹೇಬರೂ ಬಂದರು. ಅವರು ಬರೀ ಅಂಗಡಿಯವರಾಗಿದ್ದರೆ ಕ್ಷಮೆ ಕೇಳಿ ಕಳಿಸಬಹುದಿತ್ತು, ಕಟ್ಟಡವೂ ಅವರದ್ದೇ.

ಅದೇ ಹೊತ್ತಿಗೆ ಕಂಪನಿಯ ಯಜಮಾನ ಜಿಯಾವುಲ್ಲಾ ಸಾಹೇಬರು ನಮಾಜು, ಊಟ ಮುಗಿಸಿ ಬಂದರು. ತುಂಬ ಮೆದು ಮನುಷ್ಯ. ಯಾರ ಮನಸ್ಸೂ ನೋಯಬಾರದು ಅನ್ನುವುದೊಂದೇ ಆ ಆಫೀಸಿನಲ್ಲಿ ಅವರು ಇಟ್ಟ ಕಾನೂನು. ಅದರಿಂದಾಗಿ ಒಳಗಿನ ಫ್ಯಾನು ಎಷ್ಟು ಸ್ಪೀಡಿನಲ್ಲಿ ತಿರುಗಬೇಕು ಅನ್ನುವುದು ಇನ್ನೂ ತೀರ್ಮಾನವಾಗಿರಲಿಲ್ಲ. ವಿಷಯ ಕೇಳಿದವರೇ ಎಲ್ಲರನ್ನೂ ಕೂರಿಸಿದರು. ಓವೈಸ್ ಮೆಲ್ಲಗೆ, ಸರ್, ಇವತ್ತು ನಾಲ್ಕಕ್ಕೆ ನಾನು ಹೊರಡಬೇಕು, ಹುಡುಗಿ ಮನೆಗೆ ಹೋಗೋದಿದೆ ಅಂದ. ಸಾಹೇಬರಿಗೆ ಸಂತೋಷವಾಗಿ ಅವನ ಬೆನ್ನು ತಟ್ಟಿದರು, ಟೀ ತರಿಸಿದರು, ಶುಭ ದಿನ ಅಂತ ಸಮೋಸವನ್ನೂ ತರಿಸಿದರು. ಅದು ಬರಲು ಅರ್ಧ ಗಂಟೆ ಹಿಡಿಯಿತು.

ಶಾಂಭವಿ ಜೇಸನ್ ಬಿಟ್ಟುಕೊಡಲಿಲ್ಲ. ತಪ್ಪು ಯಾಮಲಿನದಲ್ಲ, ಕೀಬೋರ್ಡಿನದು ಅಂತ ಬಸು ಹಟ ಹಿಡಿದ. ಸಾಹೇಬರು ಇಬ್ಬರಿಗೂ ತಲೆಯಾಡಿಸಿ, ತಮ್ಮ ಕಾಲದಲ್ಲಿ ಎಕ್ಸ್‌ಎಂಎಲ್ ಅಂತ ಒಂದಿತ್ತು ಅಂತ ನೆನಪು ಮಾಡಿಕೊಂಡರು. ಅದರ ಮರ್ಯಾದೆಯೇ ಬೇರೆಯಂತೆ. ದನಿ ಅಂತ ಒಂದು ಬಾಗಿಲು ತೆರೆದು, ಒಳಗೆ ಏಳು ಅಂತ ಅಂಕಿ ಇಟ್ಟು, ಮತ್ತೆ ದನಿ ಅಂತ ಬಾಗಿಲು ಮುಚ್ಚಿಕೊಂಡು ಬರಬೇಕು. ಓವೈಸ್ ಅದನ್ನೂ ಬರೆದ. ನಾಲ್ಕು ಸಾಲಿನ ವಿಷಯ ಒಂದು ಪುಟಕ್ಕೆ ಬಂತು. ಅಷ್ಟು ಹೊತ್ತು ಸಮೋಸ ತಿನ್ನುತ್ತಾ ಕೇಳಿಸಿಕೊಂಡ ಅಹ್ಮದ್ ಪಾಷಾ ಕೈ ಒರೆಸಿಕೊಂಡು, ನನ್ನನ್ನು ಕೇಳಿದರೆ ಎಕ್ಸೆಲ್‌ನಲ್ಲಿ ಇಟ್ಟುಬಿಡಿ, ನನ್ನ ಅಂಗಡಿಯದೆಲ್ಲ ಅದರಲ್ಲೇ ಇರೋದು ಅಂದರು. ಅವರನ್ನು ಯಾರೂ ಕೇಳಿರಲಿಲ್ಲ. ಆದರೆ ಕಟ್ಟಡದ ಮಾಲೀಕರ ಮನಸ್ಸು ನೋಯಿಸುವುದು ಹೇಗೆ?

ಗಡಿಯಾರ ನಾಲ್ಕು ದಾಟಿತು. ನಾಜಿಶ್ ಫೋನ್ ಮಾಡಿ ನಾವು ಆಟೋ ಹತ್ತಿದೆವು, ನೀನೆಲ್ಲಿದ್ದೀಯ ಅಂದಳು. ಓವೈಸ್ ಹೊರಟೆ ಅಂದ. ಫೋನು ಇಟ್ಟವನೇ ಸಾಹೇಬರ ಕಡೆ ತಿರುಗಿದ. ಸರ್, ಯಾವುದಾದ್ರೂ ಒಂದು ಹೇಳಿ, ಇಟ್ಟು ಹೋಗ್ತೀನಿ ಅಂತ ಅಂಗಲಾಚಿದ. ಒಂದು ಅಂದರೆ ಉಳಿದವರು ಸೋತ ಹಾಗೆ. ಸಾಹೇಬರು ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟರು: ಎಲ್ಲವೂ ಇರಲಿ. ಓವೈಸನ ಸಾದಾ ಸಾಲು, ಶಾಂಭವಿಯ ಜೇಸನ್, ಬಸುವಿನ ಯಾಮಲ್, ತಮ್ಮ ಎಕ್ಸ್‌ಎಂಎಲ್, ಪಾಷಾ ಸಾಹೇಬರ ಎಕ್ಸೆಲ್. ಪ್ರೋಗ್ರಾಂ ಎಲ್ಲವನ್ನೂ ಓದುವ ಹಾಗೆ ಮಾಡಿಬಿಡಪ್ಪಾ, ನಿನ್ನ ಕೈ ಚುರುಕು.

ಅಳು ಬರುವುದೊಂದು ಬಾಕಿ. ಕೈ ಚುರುಕಾದವನು ಬರೆದ. ಇನ್ನೇನು ಎದ್ದ ಅನ್ನುವಾಗ ಬಸುವಿಗೆ ಒಂದು ಅನುಮಾನ ಬಂತು. ಒಂದರಾಗ ದನಿ ಏಳು, ಇನ್ನೊಂದರಾಗ ಮೂರು ಅಂತ ಇದ್ರ ಯಾರ ಮಾತು ಕೇಳಬೇಕು? ಆ ಪಂಚಾಯಿತಿ ಇನ್ನೊಂದು ಟೀ ಕುಡಿಯಿತು. ಯಾವುದನ್ನು ಮೊದಲು ಓದಬೇಕು ಅಂತ ಹೇಳುವುದಕ್ಕೆ ಇನ್ನೊಂದು ಪುಟ್ಟ ಫೈಲು ಇಡೋಣ ಅಂತ ಒಮ್ಮತವಾಯಿತು. ಆ ಫೈಲು ಯಾವ ಫಾರ್ಮ್ಯಾಟಿನಲ್ಲಿರಬೇಕು ಅಂತ ಶಾಂಭವಿ ಬಾಯಿ ತೆರೆಯುವಷ್ಟರಲ್ಲಿ ಓವೈಸ್ ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲು ಇಳಿದಾಗಿತ್ತು.

ಆಟೋ ಸಿಕ್ಕಿತು. ಆದರೆ ಹಲಸೂರು ಕೆರೆ ಪಕ್ಕದ ರಸ್ತೆ ಜಾಮ್, ಕಾಕ್ಸ್ ಟೌನ್ ಜಾಮ್, ರೈಲ್ವೆ ಸೇತುವೆ ಕೆಳಗೆ ಯಾರದೋ ನೀರಿನ ಟ್ಯಾಂಕರ್ ಅಡ್ಡ ನಿಂತಿತ್ತು. ಅಮ್ಮಿಯ ಫೋನು ಮೂರು ಸಲ ಬಂತು, ಆಮೇಲೆ ಬರುವುದೇ ನಿಂತಿತು. ಅದು ಇನ್ನೂ ಭಯ. ಆಟೋದಲ್ಲಿ ಕೂತು ಅವನು ತನ್ನನ್ನು ತಾನೇ ಚೆನ್ನಾಗಿ ಬೈದುಕೊಂಡ. ಟೀ ಆರುವ ಮುಂಚೆ ಮುಗಿದಿದ್ದ ಕೆಲಸ. ಇನ್ನು ಈ ಜನ್ಮದಲ್ಲಿ ಯಾರನ್ನೂ ಏನನ್ನೂ ಕೇಳುವುದಿಲ್ಲ ಅಂತ ಗಟ್ಟಿಯಾಗಿಯೇ ಅಂದುಕೊಂಡ. ಆಟೋದವನು ತಿರುಗಿ ನೋಡಿ, ಈ ಕಡೆ ಗಲ್ಲಿಯಿಂದ ಹೋಗೋಣ್ವಾ ಸರ್ ಅಂದ. ನಿಮಗೆ ಹೇಗೆ ಅನ್ಸುತ್ತೋ ಹಾಗೆ ಅಂದುಬಿಟ್ಟ ಓವೈಸ್.

ಬಾಣಸವಾಡಿಯ ಮನೆ ತಲುಪಿದಾಗ ಒಂದು ಗಂಟೆಗೂ ಹೆಚ್ಚು ತಡ. ಹಾಲ್ ತುಂಬ ಜನ. ಎದುರಿನ ಸೋಫಾದಲ್ಲಿ ಅಸ್ಗರ್ ಸಾಹೇಬರು, ಅವರ ಪಕ್ಕ ಆತಿಕಾಳ ತಂದೆ, ಆಮೇಲೆ ಅವಳ ಚಿಕ್ಕಪ್ಪಂದಿರಾದ ಚಾಚಾಗಳು, ಅವರ ಹೆಂಡತಿಯರು, ಮೂಲೆಯ ಕುರ್ಚಿಯಲ್ಲಿ ದಾದಿ, ಅಂದರೆ ಆತಿಕಾಳ ಅಜ್ಜಿ, ಶಂಶುನ್ನೀಸಾ. ಅಮ್ಮಿ ಇವನ ಕಡೆ ನೋಡಿದ ನೋಟದಲ್ಲಿ ಮನೆಗೆ ಹೋದ ಮೇಲಿನ ಬೈಗುಳವೆಲ್ಲ ಇತ್ತು. ಇವನು ಸಲಾಂ ಹೇಳಿ ತುದಿಯಲ್ಲಿ ಕೂತ. ಅಸ್ಗರ್ ಸಾಹೇಬರು ಕನ್ನಡಕ ತೆಗೆದು, ತಡ ಯಾಕಾಯಿತು ಬೇಟಾ ಅಂದರು.

ಟ್ರಾಫಿಕ್ಕು ಅಂದಿದ್ದರೆ ಮುಗಿಯುತ್ತಿತ್ತು. ಬೆಂಗಳೂರಿನಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಆದರೆ ಬೆಳಿಗ್ಗೆಯಿಂದ ಬೆಂದುಹೋಗಿದ್ದ ಓವೈಸನ ಬಾಯಿಂದ ನಿಜ ಹೊರಬಂತು. ನಾಲ್ಕು ಸಾಲು ಯಾವ ಥರದ ಫೈಲಿನಲ್ಲಿ ಇಡಬೇಕು ಅಂತ ಎಲ್ಲರನ್ನೂ ಕೇಳಿದ್ದು, ಎಲ್ಲರೂ ಒಂದೊಂದು ಹೇಳಿದ್ದು, ಎಲ್ಲರದನ್ನೂ ಇಟ್ಟು ಬಂದದ್ದು, ಪಾಷಾ ಸಾಹೇಬರ ಎಕ್ಸೆಲ್ ಸಮೇತ ಹೇಳಿಬಿಟ್ಟ. ನಾಜಿಶ್ ತಲೆ ತಗ್ಗಿಸಿಕೊಂಡಳು. ಅಮ್ಮಿ ದುಪಟ್ಟಾದ ತುದಿ ಬಾಯಿಗೆ ಒತ್ತಿಕೊಂಡರು. ಮೂರನೆಯ ಸಂಬಂಧವೂ ಹೋಯಿತು ಅಂದುಕೊಂಡ ಓವೈಸ್.

ಅಸ್ಗರ್ ಸಾಹೇಬರು ತೆಗೆದ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ತಮ್ಮಂದಿರ ಕಡೆ ತಿರುಗಿದರು.

"ನೋಡಿದ್ರಾ? ನಾಲ್ಕು ಸಾಲಿಗೆ ಇಷ್ಟು ಜನರನ್ನ ಕೇಳೋ ಹುಡುಗ ಇದಾನೆ. ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ ಇಂಥವರು? ಇವನು ನಮ್ಮ ಮನೆಗೆ ಅಂತಲೇ ಹುಟ್ಟಿದಾನೆ."

ಚಾಚಾಗಳೆಲ್ಲ ಹೌದು ಹೌದು ಅಂದರು. ಒಬ್ಬರಂತೂ ಯಾವ ಫೈಲು ಒಳ್ಳೆಯದು ಅಂತ ತಮ್ಮ ಅಭಿಪ್ರಾಯ ಹೇಳಲು ಶುರು ಮಾಡಿದರು, ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ ಅನ್ನುವುದು ಅಡ್ಡಿಯಾಗಲಿಲ್ಲ. ಅಮ್ಮಿಯ ಮುಖ ಅರಳಿತು. ನಮ್ಮ ಓವೈಸ್ ಚಿಕ್ಕಂದಿನಿಂದಲೂ ಹೀಗೇ ಅಂತ ಹೆಮ್ಮೆಯಿಂದ ಹೇಳಿಕೊಂಡರು. ಓವೈಸನಿಗೆ ನಂಬಲಾಗಲಿಲ್ಲ. ಬೆಳಿಗ್ಗೆಯಿಂದ ಪಟ್ಟ ಪಾಡೆಲ್ಲ ಒಂದೇ ಏಟಿಗೆ ವಸೂಲಾಯಿತು ಅನ್ನಿಸಿ, ಶಾಂಭವಿಯನ್ನೂ ಬಸುವನ್ನೂ ಮನಸ್ಸಿನಲ್ಲೇ ಕ್ಷಮಿಸಿದ.

ಆಮೇಲೆ ಹುಡುಗ ಹುಡುಗಿ ಒಂದೆರಡು ಮಾತಾಡಲಿ ಅಂತ ಪಕ್ಕದ ಕೋಣೆಗೆ ಕಳಿಸಿದರು. ಬಾಗಿಲು ತೆರೆದೇ ಇತ್ತು, ಬಾಗಿಲ ಬಳಿ ದಾದಿಯ ಕುರ್ಚಿ ತಂದಿಟ್ಟರು. ಆತಿಕಾ ಹಸಿರು ದುಪಟ್ಟಾ ಹೊದ್ದು ಎದುರು ಕೂತಳು. ವಲೀಮಾದಲ್ಲಿ ನೋಡಿದ್ದಕ್ಕಿಂತ ಚೆಂದ ಕಂಡಳು. ಓವೈಸ್ ಮನೆಮಾತಾದ ದಖನಿ ಉರ್ದುವಿನಲ್ಲಿ ಶುರು ಮಾಡಿದ. ಅವಳು ಕನ್ನಡಕ್ಕೆ ಹೊರಳಿಸಿದಳು.

"ದಾದಿಗೆ ಕನ್ನಡ ಅಷ್ಟಾಗಿ ಬರಲ್ಲ, ಕನ್ನಡದಲ್ಲೇ ಮಾತಾಡಿ," ಅಂದಳು. "ಎಲ್ಲಾ ಒಳಗಿಂದ ಕೇಳಿಸ್ಕೊಂಡೆ. ಫೈಲಿನ ಕತೆ."

ಓವೈಸ್ ನಾಚಿಕೊಂಡ. ಅವಳು ನಕ್ಕಳು, ಆದರೆ ಪೂರ್ತಿ ನಗಲಿಲ್ಲ. ಮೆಲ್ಲಗೆ ಮನೆಯ ವಿಷಯ ಹೇಳಿದಳು. ವಾಷಿಂಗ್ ಮೆಷಿನ್ ಕೆಟ್ಟು ಎರಡು ವರ್ಷ. ಹೊಸದು ತರೋಣ ಅಂದ್ರೆ ಒಬ್ಬರು ಮುಂದಿನ ಬಾಗಿಲಿನದು ಅಂತಾರೆ, ಒಬ್ಬರು ಮೇಲಿನ ಬಾಗಿಲಿನದು ಅಂತಾರೆ. ಎಲ್ಲರ ಒಪ್ಪಿಗೆ ಸಿಗುವವರೆಗೆ ಬಟ್ಟೆ ಕೈಯಲ್ಲೇ ಒಗೆಯೋದು. ಅವಳು ಯಾವ ಕಾಲೇಜಿಗೆ ಸೇರಬೇಕು ಅಂತ ಮನೆಯವರು ಕೂತು ಮಾತಾಡಿ ಮುಗಿಸುವಷ್ಟರಲ್ಲಿ ಒಂದು ವರ್ಷ ಅಡ್ಮಿಷನ್ನೇ ಮುಗಿದುಹೋಗಿತ್ತು. ಎಲ್ಲರೂ ಒಳ್ಳೆಯವರು, ಅದೇ ಕಷ್ಟ, ಜಗಳ ಆಡೋಕೂ ಆಗಲ್ಲ ಅಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು. ಓವೈಸನಿಗೆ ಸಂಕಟವಾಯಿತು. ಈ ಹುಡುಗಿಯನ್ನು ಸುಖವಾಗಿ ನೋಡಿಕೊಳ್ಳಬೇಕು ಅಂತ ಅವನಿಗೆ ಆ ಕ್ಷಣ ನಿಜವಾಗಿ ಅನ್ನಿಸಿತು. ಪ್ರಾಣ ಕೊಟ್ಟೇನು ಅನ್ನುವಷ್ಟು ಅನ್ನಿಸಿತು.

"ನೀವು ಒಳ್ಳೆಯವರು ಅಂತ ಗೊತ್ತು," ಅಂದಳು ಆತಿಕಾ. "ನಂಗೆ ಒಂದೇ ಒಂದು ಕೇಳ್ಬೇಕು. ಹೊರಗೆ ಇರೋರೆಲ್ಲ ಒಪ್ಪಿದಾರೆ, ಅವರ ವಿಷಯ ಬಿಡಿ. ನಾನು ನಿಮಗೆ ಇಷ್ಟಾನಾ?"

ಉತ್ತರ ಅವನೊಳಗೆ ತಿಂಗಳುಗಟ್ಟಲೆಯಿಂದ ಸಿದ್ಧವಾಗಿತ್ತು. ಹೌದು ಅನ್ನುವುದೊಂದೇ ಮಾತು. ಆದರೆ ಇಷ್ಟು ದೊಡ್ಡ ಮಾತನ್ನು ತಪ್ಪಾಗಿ ಹೇಳಿಬಿಟ್ಟರೆ ಅನ್ನುವ ಭಯವೂ ಇತ್ತು. ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು.

"ಒಂದ್ ನಿಮಿಷ," ಅಂದ ಓವೈಸ್. "ಅಮ್ಮೀನ ಒಂದ್ಸಲ ಕೇಳಿ ಹೇಳ್ತೀನಿ."

ಆತಿಕಾ ಅವನನ್ನೇ ನೋಡಿದಳು. ಸಿಟ್ಟು ಮಾಡಿಕೊಳ್ಳಲಿಲ್ಲ. ಕೇಳಿ ಅಂದು, ಎದ್ದು, ಟೀ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು ಒಳಗೆ ಹೋದಳು. ತಾನು ಏನಂದೆ ಅನ್ನುವುದು ಓವೈಸನಿಗೆ ಅರ್ಥವಾಗುವಷ್ಟರಲ್ಲಿ ಹಾಲ್‌ನಲ್ಲಿ ಮಿಠಾಯಿ ಹಂಚುತ್ತಿದ್ದರು. ಒಳಗೆ ಹೋಗಿ ಕರೆಯೋಣವೆಂದರೆ ಹೆಂಗಸರು ತುಂಬಿದ್ದ ಅಡುಗೆಮನೆ. ಅವನ ಬಾಯಿಗೂ ಯಾರೋ ಒಂದು ಪೇಡಾ ತುರುಕಿದರು.

ವಾಪಸು ಬರುವಾಗ ಆಟೋದಲ್ಲಿ ಅಮ್ಮಿಗೆ ಸಂಭ್ರಮವೋ ಸಂಭ್ರಮ. ನಾಜಿಶ್ ಮೆಹೆಂದಿಗೆ ಯಾರನ್ನು ಕರೆಸಬೇಕು ಅಂತ ಮಾತಾಡುತ್ತಿದ್ದಳು. ಓವೈಸ್ ಮಾತ್ರ ಹೊರಗೆ ನೋಡುತ್ತಾ ಕೂತಿದ್ದ. ಕಾಕ್ಸ್ ಟೌನ್ ದಾಟುವಾಗ ಅಮ್ಮಿಯ ಫೋನು ರಿಂಗಾಯಿತು. ಅಸ್ಗರ್ ಸಾಹೇಬರು. ಅಮ್ಮಿ ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು.

ಸಾಹೇಬರ ದನಿ ಸೋತುಹೋಗಿತ್ತು. "ಬೆಹೆನ್, ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ನಮ್ಮ ಮನೇಲಿ ಎಲ್ಲರಿಗೂ ಹುಡುಗ ಇಷ್ಟ ಆಗಿದ್ದ. ದಾದಿಗೂ ಇಷ್ಟ ಆಗಿದ್ದ. ಆದರೆ ಆತಿಕಾ ಯಾರನ್ನೂ ಒಂದು ಮಾತು ಕೇಳದೆ, ತಾನೇ ಬೇಡ ಅಂದ್ಬಿಟ್ಟಳು. ನಮ್ಮ ಮನೇಲಿ ಇಂಥದ್ದು ಇದೇ ಮೊದಲು."

ಅಮ್ಮಿ ಫೋನನ್ನು ಬ್ಯಾಗಿಗೆ ಹಾಕಿಕೊಂಡರು. ಓವೈಸನಿಗೆ ಅಳು ಬಂತು. ಅಳಬಹುದೋ ಬಾರದೋ ಅಂತ ಅವನು ಅಮ್ಮಿಯ ಮುಖ ನೋಡಿದ.